ಹೊರಕುರ್ಚಿಯಲ್ಲಿ ಕೂತವರು

ಫೆಬ್ರವರಿ 3

ಪ್ರೀತಿಯ ಮಾವ,

ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ, ನಾನು ಇನ್ನೂ ನೆಲದ ಮೇಲೆ ಕಾಲಿಟ್ಟಿಲ್ಲ! ನಿನ್ನ ಕಿವಿಯ ಯಂತ್ರಕ್ಕೂ ಫೋನಿಗೂ ಆಗಿಬರುವುದಿಲ್ಲ, ಹತ್ತಿರ ತಂದರೆ ಕುಯ್ ಅನ್ನುತ್ತದೆ ಎಂದು ಅಮ್ಮ ಹೇಳಿದಳು. ಒಳ್ಳೆಯದೇ ಆಯಿತು. ಫೋನಾದರೆ ನೀನು "ಸರಿ, ಇಡ್ತೀನಿ" ಎಂದು ಎರಡು ನಿಮಿಷಕ್ಕೆ ಮುಗಿಸುತ್ತಿದ್ದೆ. ಕಾಗದವನ್ನು ಹಾಗೆ ಮುಗಿಸಲಾಗುವುದಿಲ್ಲ, ಪೂರ್ತಿ ಓದಲೇಬೇಕು. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಎಂದು ಕೆಂಪು ಶಾಯಿ ಹಿಡಿದು ಮಾತ್ರ ಕೂರಬೇಡ.

ಈಗ ನನಗೆ ಇಬ್ಬರು ಮಾವಂದಿರು. ಇವರ ಅಪ್ಪ ಗೌರವದ ಮಾವ, ನೀನು ಅಮ್ಮನ ಅಣ್ಣ, ಒರಿಜಿನಲ್ ಮಾವ. ಜಗಳ ಆಡುವುದಕ್ಕೆ ನೀನೇ ಬೇಕು.

ದರ್ಜಿ ಅಂಗಡಿಯ ಮೇಲೆ ನಮ್ಮ ಮನೆ, ಎರಡೇ ಕೋಣೆ. ಮುಂದಿನದರಲ್ಲಿ ನಾವು, ಹಿಂದಿನದರಲ್ಲಿ ಯಂತ್ರ. ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿದ್ದಾರೆ, ಕಿಟಕಿಗೂ ಹಾಸಿಗೆ! ನಮ್ಮ ಸಾಹೇಬರ ಕೆಲಸವನ್ನು ಮದುವೆಯ ಗಲಾಟೆಯಲ್ಲಿ ನಿನಗೆ ಸರಿಯಾಗಿ ಹೇಳಿರಲಿಲ್ಲ. ಹಳೆಯ ದೊಡ್ಡ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಸಿಂಥಸೈಜರಿನಲ್ಲಿ ಮತ್ತೆ ಕಟ್ಟುವುದು. ನಲವತ್ತು ಜನ ಕೂತು ನುಡಿಸಿದ್ದನ್ನು ಇವರೊಬ್ಬರೇ ನುಡಿಸುತ್ತಾರೆ. ಪಿಟೀಲು, ಕೊಳಲು, ಕಹಳೆ, ಎಲ್ಲದರ ಒಂದೊಂದು ಸ್ವರವನ್ನೂ ಯಾರೋ ಎಲ್ಲೋ ಒಮ್ಮೆ ನುಡಿಸಿ ಕೊಟ್ಟಿದ್ದಾರಂತೆ. ಅವು ಔಷಧಿ ಅಂಗಡಿಯ ಸೀಸೆಗಳ ಹಾಗೆ ಕಂಪ್ಯೂಟರಿನೊಳಗೆ ಸಾಲಾಗಿ ಕೂತಿವೆ. ಬೇಕಾದದ್ದನ್ನು ತೆಗೆದು, ಬೆರೆಸಿ, ಅಳೆದು ಸುರಿಯುವುದು. ನಾನು ಬಾಗಿಲಿಗೆ ಒರಗಿ ಕೂತು ಕೇಳುತ್ತೇನೆ. ಜಗತ್ತಿನಲ್ಲಿ ಯಾವ ಹೆಂಡತಿಗೆ ಮನೆಯಲ್ಲೇ ಇಡೀ ವಾದ್ಯಗೋಷ್ಠಿ ಇದೆ ಹೇಳು!

ಈಗ ಮುಖ್ಯ ವಿಷಯ, ಕೂತಿದ್ದೀಯ ತಾನೆ? ಇವರಿಗೆ ಸಿಕ್ಕಿರುವುದು ದೀಪಸ್ತಂಭದ ಚಿತ್ರ. ನಿನ್ನ ಚಿತ್ರ! ನೀನು ವಯೋಲಾ ನುಡಿಸಿದ್ದು! ಬಿಡುಗಡೆಯಾಗಿ ಐವತ್ತು ವರ್ಷವಾಯಿತು, ಮತ್ತೆ ತೆರೆಗೆ ತರುತ್ತಿದ್ದಾರೆ. ಮೂಲ ಟೇಪುಗಳು ಒಂದಕ್ಕೊಂದು ಅಂಟಿ ಹಾಳಾಗಿವೆ, ಸ್ವರ ಬರೆದ ಹಾಳೆಗಳೂ ಇಲ್ಲ, ಉಳಿದಿರುವುದು ಚಿತ್ರದ ಒಂದು ಹಳೆಯ ಪ್ರತಿ. ಸಂಗೀತವನ್ನೆಲ್ಲ ಮೇ ಕೊನೆಯೊಳಗೆ ಹೊಸದಾಗಿ ಕಟ್ಟಿಕೊಡಬೇಕು. ಇದನ್ನು ಕಂಪನಿಯವರು ಒಪ್ಪಿದರೆ ಅವರ ಉಳಿದ ಹಳೆಯ ಚಿತ್ರಗಳೆಲ್ಲ ಇವರಿಗೇ. ಒಪ್ಪದಿದ್ದರೆ ಇವರು ಮೊದಲು ದುಡಿಯುತ್ತಿದ್ದ ಆ ರೇಡಿಯೋ ರಿಪೇರಿ ಅಂಗಡಿಯೇ ಮತ್ತೆ.

ಅವರ ಷರತ್ತು ಒಂದೇ. ಕೊನೆಯ ದೃಶ್ಯದಲ್ಲಿ ಎಲ್ಲ ವಾದ್ಯಗಳೂ ನಿಂತ ಮೇಲೆ ಒಂದು ವಯೋಲಾ ಮಾತ್ರ ಇನ್ನೊಂದು ಗಳಿಗೆ ಎಳೆಯುತ್ತದಲ್ಲ, ಜನ "ಉಸಿರು" ಎಂದು ಕರೆಯುತ್ತಾರಲ್ಲ, ಅದು ಕೂದಲೆಳೆಯಷ್ಟೂ ಬದಲಾಗಬಾರದು. ಅದನ್ನು ನುಡಿಸಿದ್ದು ಯಾರು ಮಾವ? ನೀನಾ? ನೀನೇ ಆಗಿರಲಿ ಎಂದು ನಾನು ಹರಸಿಕೊಂಡಿದ್ದೇನೆ! ಹೇಗೆ ನುಡಿಸಿದಿರಿ, ಎಲ್ಲವನ್ನೂ ಬರಿ.

ನಿನ್ನ ಗಿಲಕಿ


ಫೆಬ್ರವರಿ 19

ಗಿಲಕಿಗೆ, ಮಾವನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಆಶ್ಚರ್ಯಸೂಚಕಗಳನ್ನು ತೆಗೆದರೆ ಒಂದು ಪುಟ ಉಳಿಯುತ್ತಿತ್ತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ಒಗೆ, ತಪ್ಪಿಲ್ಲ.

ನಿನ್ನ ಗಂಡನಿಗೆ ಉಪಯೋಗವಾಗುವುದನ್ನು ಬರೆಯುತ್ತೇನೆ. ಹಾಲ್ ದೊಡ್ಡದಿತ್ತು, ಚಾವಣಿ ತಗಡಿನದು. ಧ್ವನಿಮುದ್ರಣ ನಡೆಯುವಾಗ ಫ್ಯಾನ್ ಹಾಕುವಂತಿರಲಿಲ್ಲ. ನಲವತ್ತೊಂದು ಜನರ ಬೆವರು ಅದು, ಯಂತ್ರಕ್ಕೆ ಹೇಗೆ ಹಾಕುತ್ತಾನೋ ಕೇಳು. ವಯೋಲಾ ನಾಲ್ಕು. ಪಿಟೀಲಿಗಿಂತ ದಪ್ಪ ದನಿ, ಹಾಗಾಗಿ ಯಾರೂ ಅದನ್ನು ಬೇರೆಯಾಗಿ ಕೇಳಿಸಿಕೊಳ್ಳುವುದಿಲ್ಲ. ಅನ್ನದಲ್ಲಿ ಉಪ್ಪಿದ್ದ ಹಾಗೆ.

ಸ್ವರದ ಹಾಳೆ ಇಡಲು ಇಬ್ಬರಿಗೆ ಒಂದು ಸ್ಟ್ಯಾಂಡ್. ಮೈಕಿನ ಕಡೆಯದು ಹೊರಕುರ್ಚಿ, ಆಚೆಯದು ಒಳಕುರ್ಚಿ. ಪುಟ ತಿರುಗಿಸುವುದು ಒಳಕುರ್ಚಿಯವನ ಕೆಲಸ. ಅವನು ನುಡಿಸುವುದನ್ನು ನಿಲ್ಲಿಸಿ, ಕಮಾನನ್ನು ತೊಡೆಯ ಮೇಲಿಟ್ಟು ತಿರುಗಿಸಬೇಕು. ಅಷ್ಟು ಹೊತ್ತು ಹೊರಕುರ್ಚಿಯವನೊಬ್ಬನೇ ನುಡಿಸುತ್ತಾನೆ. ನನ್ನ ಸ್ಟ್ಯಾಂಡಿನಲ್ಲಿದ್ದವನನ್ನು ನಾವು ಗಡಿಯಾರ ಎಂದು ಕರೆಯುತ್ತಿದ್ದೆವು. ತಾಳ ಒಂದು ಎಳೆ ತಪ್ಪಿದವನಲ್ಲ.

ಕೊನೆಯ ಸ್ವರದ ವಿಷಯ. ಅದನ್ನು ಬಿಟ್ಟುಬಿಡಲು ಹೇಳು. ಅದು ಉಸಿರೂ ಅಲ್ಲ, ನಿಟ್ಟುಸಿರೂ ಅಲ್ಲ, ತಪ್ಪು. ಸಂಗೀತ ನಿರ್ದೇಶಕರ ಕೋಲು ಇಳಿದ ಮೇಲೂ ಒಂದು ಕಮಾನು ನಿಲ್ಲಲಿಲ್ಲ, ಅಷ್ಟೆ. ಹಾಲ್ ಬಾಡಿಗೆಯ ಅವಧಿ ಮುಗಿದಿದ್ದರಿಂದ ಇನ್ನೊಂದು ಸಲ ನುಡಿಸಲಾಗಲಿಲ್ಲ. ಚಿತ್ರ ಓಡಿತು, ಜನ ಅತ್ತರು. ಆಮೇಲೆ ನಿರ್ದೇಶಕರು ತಾವೇ ಹಾಗೆ ಹೇಳಿ ನುಡಿಸಿದ್ದು ಎಂದರು. ಆದರೆ ಅಷ್ಟರೊಳಗೆ ಆ ತಪ್ಪಿಗೆ ಗಡಿಯಾರನ ಕುರ್ಚಿ ಹೋಗಿತ್ತು. ಮತ್ತೆ ಯಾವ ಹಾಲ್‌ನವರೂ ಅವನನ್ನು ಕರೆಯಲಿಲ್ಲ.

ಐವತ್ತು ವರ್ಷದ ಮಾತು. ಎಲ್ಲ ನಿಂತಾಗ ಎಲ್ಲವೂ ನಿಲ್ಲಲಿ. ಯಂತ್ರಕ್ಕೂ ಸುಲಭ.

ಇಲ್ಲಿ ಎಲ್ಲ ಎಂದಿನಂತೆ. ಕನ್ನಡಕ ಬದಲಾಯಿಸಬೇಕು.

ಮಾವ


ಮಾರ್ಚ್ 6

ಪ್ರೀತಿಯ ಮಾವ,

ನೀನೊಬ್ಬ! ಇಡೀ ದೇಶ ಕಣ್ಣೀರು ಹಾಕಿದ ಸ್ವರವನ್ನು "ಬಿಟ್ಟುಬಿಡಲು ಹೇಳು" ಅನ್ನುತ್ತೀಯಲ್ಲ! ಯಂತ್ರದ ಮೇಲೆ ನಿನಗೆ ಸಿಟ್ಟು, ನನಗೆ ಗೊತ್ತು. ಅಡ್ಡಿಯಿಲ್ಲ. ನೀನು ಬರೆದದ್ದನ್ನು ಓದಿ ಇವರು ಕುಣಿದುಬಿಟ್ಟರು. ಯಾಕೆ ಗೊತ್ತಾ? ಪುಟ ತಿರುಗಿಸುವ ವಿಷಯ!

ಇವರು ಆ ಕೊನೆಯ ದೃಶ್ಯವನ್ನು ನೂರಾರು ಸಲ ಕೇಳಿದ್ದಾರೆ. (ನಾನೂ ಕೇಳಿದ್ದೇನೆ, ಬೇರೆ ದಾರಿಯಿಲ್ಲ. ಸದ್ದಾಗಬಾರದೆಂದು ಪಾತ್ರೆ ತೊಳೆಯುವುದು ಕೂಡ ಇವರ ಊಟದ ಬಿಡುವಿನಲ್ಲೇ.) ಕೊನೆಗಿಂತ ತುಸು ಮುಂಚೆ ಸರ್ ಎಂದು ಏನೋ ಸದ್ದು ಬರುತ್ತದೆ, ಆಮೇಲೆ ಅಂಗೈಯಿಂದ ಒತ್ತಿದ ಹಾಗೆ. ಸಮುದ್ರದ ಸದ್ದೋ, ಹಳೆಯ ಪ್ರತಿಯ ಗೀರೋ ಎಂದುಕೊಂಡಿದ್ದರು. ಅದು ಪುಟ! ಇವರ ಊಹೆ ಹೀಗೆ: ಕೊನೆಯ ಎರಡು ಸಾಲು ಮುಂದಿನ ಪುಟದಲ್ಲಿದ್ದವು, ಹೊಸ ಹಾಳೆ ಮತ್ತೆ ಮತ್ತೆ ಮಡಚಿಕೊಳ್ಳುತ್ತಿತ್ತು, ಒಳಕುರ್ಚಿಯವರು ಅದನ್ನು ಕೊನೆಯವರೆಗೆ ಕೈಯಲ್ಲೇ ಒತ್ತಿ ಹಿಡಿದಿದ್ದರು. ಸರಿ ತಾನೆ? ಉಸಿರಿನ ಸ್ವರವೂ ಪುಟದ ಸದ್ದೂ ಒಂದೇ ಜಾಗದಿಂದ ಬರುತ್ತವೆ. ಅಂದರೆ ಒಂದೇ ಸ್ಟ್ಯಾಂಡ್. ಪುಟ ಒತ್ತಿ ಹಿಡಿದವರು ನುಡಿಸಲಾರರು, ಹಾಗಾದರೆ ಉಸಿರು ಹೊರಕುರ್ಚಿಯವರದ್ದು!

ಕಂಪನಿಯ ಕಪಾಟಿನಲ್ಲಿ ಅವತ್ತಿನ ಆಸನಪಟ್ಟಿ ಸಿಕ್ಕಿದೆ. ನಿಮ್ಮ ಸ್ಟ್ಯಾಂಡಿನ ಹೊರಕುರ್ಚಿ ನಿನ್ನ ಗಡಿಯಾರ ಅವರದು, ಒಳಕುರ್ಚಿ ನಿನ್ನದು. ಹೇಳಲಾ, ನನಗೆ ಒಂದು ಕ್ಷಣ ಅಳುವೇ ಬಂತು. ನೀನಲ್ಲವಲ್ಲ ಎಂದು. ಆದರೆ ಆಮೇಲೆ ಯೋಚಿಸಿದೆ: ಪಾಪ, ಆ ಮನುಷ್ಯನ ಕೆಲಸ ಹೋಯಿತು, ಜಗತ್ತು ಅದೇ ಸ್ವರವನ್ನು ಹೊತ್ತು ಮೆರೆಸಿತು, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಈಗ ಬರುತ್ತದೆ! ಈ ಸಂಗೀತದ ಗ್ರಾಮಾಫೋನ್ ತಟ್ಟೆಯನ್ನೂ ತರುತ್ತಾರಂತೆ, ಅದರ ಹೊದಿಕೆಯ ಮೇಲೆ "ಉಸಿರನ್ನು ನುಡಿಸಿದವರು" ಎಂದು ಅವರ ಹೆಸರು ಹಾಕುತ್ತಾರೆ. ಒಂದು ಚೆಂದದ ಬರಹ ಬೇಕಂತೆ, ನಾನೇ ಬರೆಯುತ್ತೇನೆ ಎಂದಿದ್ದೇನೆ!

ಕಂಪನಿಯವರಿಗೆ ಒಂದು ಸಾಕ್ಷಿ ಬೇಕು. ಪಕ್ಕದಲ್ಲೇ ಕೂತಿದ್ದವನು ನೀನು. "ಹೌದು, ನುಡಿಸಿದ್ದು ಅವನೇ" ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಬೇಗ!

ನಿನ್ನ ಗಿಲಕಿ


ಏಪ್ರಿಲ್ 11

ಗಿಲಕಿಗೆ,

ತಡವಾಯಿತು. ಮೈ ಸರಿಯಿರಲಿಲ್ಲ. ಗಾಬರಿ ಬೇಡ, ಈಗ ಇದೆ.

ನೀನು ಕೇಳಿದ ಸಾಲು ಬೇರೆ ಹಾಳೆಯಲ್ಲಿದೆ. ಸಹಿ ಹಾಕಿದ್ದೇನೆ. ಅವನ ಹೆಸರನ್ನೇ ಹಾಕಿ. ಹೋದದ್ದಕ್ಕೆ ಒಂದಿಷ್ಟಾದರೂ ಸಿಕ್ಕಿದ ಹಾಗಾಗುತ್ತದೆ. ಹಾಗೆ ಯೋಚಿಸಿಯೇ ಬರೆದಿದ್ದೇನೆ.

ಅವನನ್ನು ಹುಡುಕಲು ಹೋಗಬೇಡ. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಹಳೆಯ ಮನುಷ್ಯರನ್ನು ಅವರ ಪಾಡಿಗೆ ಬಿಡಬೇಕು.

ನಿನ್ನ ಬರಹ ನನಗೆ ಕಳಿಸಬೇಡ. ಅಚ್ಚಾದ ಮೇಲೆ ನೋಡುತ್ತೇನೆ.

ಮಾವ


ಮೇ 2

ಮಾವ,

ಹುಡುಕಬೇಡ ಎಂದಿದ್ದೆ. ಹುಡುಕಿದೆ. ನಿನ್ನ ಸೊಸೆ ಯಾವಾಗ ಹೇಳಿದ ಮಾತು ಕೇಳಿದ್ದಾಳೆ? ವಾದಕರ ಸಂಘದ ಹಳೆಯ ಪುಸ್ತಕದಲ್ಲಿ ವಿಳಾಸವಿತ್ತು. ನಾಲ್ಕು ಮನೆ ಬದಲಾಗಿತ್ತು, ಆದರೂ ಸಿಕ್ಕಿದರು. ಇದೇ ಊರಿನಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆ ಬಸ್ಸು. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ ಅರ್ಧ ದಿನ ರಜೆ ಕೇಳಿ ಹೋದೆ. ಎಷ್ಟು ಖುಷಿಯಲ್ಲಿ ಹೋದೆ ಎಂದರೆ ದಾರಿಯಲ್ಲಿ ಹೂವು ತೆಗೆದುಕೊಂಡೆ.

ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಅವರೇ ಬಾಗಿಲು ತೆರೆದರು. ತೆಳ್ಳಗೆ, ನೆಟ್ಟಗೆ, ಮನೆಯಲ್ಲಿದ್ದರೂ ಅಂಗಿಯ ಗುಂಡಿಗಳೆಲ್ಲ ಹಾಕಿ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಬಸ್ಸು ಹೊರಟ ಹೊತ್ತು ಬರೆಯುವ ಕೆಲಸ ಮಾಡಿದರಂತೆ. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಚಿತ್ರ, ಯಂತ್ರ, ಹೊದಿಕೆ, ಉಸಿರು. ನಿನಗೆ ಗೊತ್ತಲ್ಲ ನನ್ನ ಬಾಯಿ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು:

"ನಾನೇ ಅಂತ ನಿಮಗೆ ಯಾರಮ್ಮ ಹೇಳಿದ್ದು?"

"ನಮ್ಮ ಮಾವ. ನಿಮ್ಮ ಸ್ಟ್ಯಾಂಡಲ್ಲೇ ಕೂತಿದ್ರಲ್ಲ."

"ಇದ್ದಾನಾ ಅವನು?"

"ಇದ್ದಾರೆ. ಅವರೇ ಬರೆದುಕೊಟ್ಟಿದ್ದಾರೆ, ಸಹಿ ಹಾಕಿ."

"ಸಹಿ ಬೇರೆ ಹಾಕಿದನಾ?"

ನಕ್ಕರು. ಅಂಥ ನಗು ನಾನು ನೋಡಿಲ್ಲ ಮಾವ. ಅವರ ಹೆಂಡತಿ ಚಹಾ ತಂದವರು "ಮತ್ತೆ ಅದೇ ವಿಷಯಾನಾ? ಆಯಸ್ಸೆಲ್ಲ ಅದರಲ್ಲೇ ಹೋಯ್ತು" ಎಂದು ಲೋಟ ಇಟ್ಟು ಒಳಗೆ ಹೋದರು.

ಆಮೇಲೆ ಅವರು ಹೇಳಿದ್ದು, ಹೇಳಿದ ಹಾಗೇ ಬರೆಯುತ್ತೇನೆ: "ಆ ಸ್ವರ ನಾನು ಹಿಡೀಲಿಲ್ಲಮ್ಮ. ಅವತ್ತು ಪುಟ ತಿರುಗಿಸಿದ್ದೇ ನಾನು. ಕಮಾನು ನನ್ನ ತೊಡೆ ಮೇಲಿತ್ತು. ಕುರ್ಚಿ ಅದಲುಬದಲಾಗಿತ್ತು, ಪಟ್ಟೀಲಿ ಬದಲಾಗಿರಲಿಲ್ಲ. ಬೇಕಾದ್ರೆ ಅವನನ್ನೇ ಕೇಳು. ನನ್ನ ಹೆಸರು ಹಾಕಬೇಡಿ. ತಪ್ಪು ಮಾಡಿದೋನು ಅಂತ ಕೆಲಸ ಕಿತ್ತುಕೊಂಡ್ರು, ಸರಿ. ಈಗ ಅದನ್ನೇ ಹಾರ ಮಾಡಿ ಕೊರಳಿಗೆ ಹಾಕ್ತೀರಾ? ನಾನು ಒಂದು ದಿನಾನೂ ತಾಳ ತಪ್ಪಿದವನಲ್ಲ."

ಹೂವನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲೆ ಬಿಟ್ಟು ಬಂದೆ.

ಮನೆಗೆ ಬಂದು ನಮ್ಮ ಸಾಹೇಬನಿಗೆ ಹೇಳಿದೆ. ಅವನು ನಿನ್ನ ಫೆಬ್ರವರಿಯ ಕಾಗದ ತೆಗೆದು ಮತ್ತೆ ಓದಿ, "ನನಗೆ ಅವಾಗಲೇ ಅನಿಸಿತ್ತು. ಬೇರೆಯವರ ತಪ್ಪನ್ನು ಯಾರೂ ಇಷ್ಟು ಗಟ್ಟಿಯಾಗಿ ಬಿಟ್ಟುಬಿಡಿ ಅನ್ನಲ್ಲ" ಎಂದ. ನಾನು ಅವನ ಮೇಲೆ ಹಾರಾಡಿದೆ. ನನ್ನ ಮಾವನ ಬಗ್ಗೆ ಮಾತಾಡಬೇಡ ಎಂದೆ. ಎರಡು ದಿನದಿಂದ ಹಿಂದಿನ ಕೋಣೆಯಿಂದ ಅದೇ ಮೂರು ನಿಮಿಷದ ಸಂಗೀತ ಬರುತ್ತಿದೆ. ಆ ಕೊನೆಯ ಸ್ವರ ಇನ್ನೂ ಸಿಕ್ಕಿಲ್ಲ. ದುಃಖ ಹಾಕುತ್ತಾನೆ, ನಡುಕ ಹಾಕುತ್ತಾನೆ, ಎಲ್ಲ ಸುಳ್ಳಾಗಿ ಕೇಳಿಸುತ್ತದೆ ಅನ್ನುತ್ತಾನೆ. ನಿಜ ಹೇಳಲಾ? ನನಗೆ ಸಂಗೀತ ಕೇಳಿದರೆ ತಲೆ ನೋಯುತ್ತದೆ. ಹಲ್ಲು ಕೊರೆಯುವ ಸದ್ದೇ ವಾಸಿ ಎಂದು ಕ್ಲಿನಿಕ್ಕಿಗೆ ಬೇಗ ಹೊರಡುತ್ತೇನೆ.

ಹೊದಿಕೆ ಅಚ್ಚಿಗೆ ಹೋಗುವುದು ಇಪ್ಪತ್ತೈದಕ್ಕೆ. ಅವತ್ತು ಕುರ್ಚಿ ಅದಲುಬದಲಾಗಿತ್ತಾ ಮಾವ?

ಗಿಲಕಿ


ಮೇ 7

ಮಗಳೇ,

ಆಗಿತ್ತು.

ಒಳಕುರ್ಚಿಯ ಬದಿಗೆ ಕಂಬ. ಕಮಾನು ಎಳೆದಾಗಲೆಲ್ಲ ನನ್ನ ಮೊಣಕೈ ಅದಕ್ಕೆ ತಾಗುತ್ತಿತ್ತು. ಒಂದು ವಾರದಿಂದ ಭುಜ ಹಿಡಿದಿತ್ತು. ಮಧ್ಯಾಹ್ನದ ಬಿಡುವಾದ ಮೇಲೆ "ಇವತ್ತೊಂದಿನ ಈ ಕಡೆ ಕೂತ್ಕೊಳೋ" ಎಂದೆ. ಅವನು ತಕ್ಷಣ ಎದ್ದು ಕೊಟ್ಟ. ಮೇಲ್ವಿಚಾರಕರ ಅಪ್ಪಣೆಯಿಲ್ಲದೆ ಕುರ್ಚಿ ಬದಲಾಯಿಸುವಂತಿರಲಿಲ್ಲ. ನಾವು ಕೇಳಲಿಲ್ಲ.

ಕೊನೆಯ ಸ್ವರ ಹಿಡಿದದ್ದು ನಾನು.

ಮೇಲ್ವಿಚಾರಕ ಪಟ್ಟಿ ಹಿಡಿದುಕೊಂಡು ಬಂದ. ಮೈಕಿನಲ್ಲಿ ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಾಗಿತ್ತು. "ಈ ಹೊರಕುರ್ಚಿ ಯಾರದು?" ಎಂದು ಪಟ್ಟಿ ನೋಡಿ ಅವನ ಹೆಸರು ಕೂಗಿದ. ಅಷ್ಟರಲ್ಲಿ ನಾವೆಲ್ಲ ಎದ್ದು ನಿಂತಿದ್ದೆವು, ಕುರ್ಚಿಗಳು ಖಾಲಿಯಿದ್ದವು. ಗಡಿಯಾರ ನನ್ನ ಮುಖ ನೋಡಿದ. ನಾನು ತಂತಿಯ ಮೇಲಿನ ರಾಳದ ಪುಡಿ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಮನೆಯಲ್ಲಿ ಆಗ ಏನೇನಿತ್ತು ಎಂದು ಬರೆದರೆ ನೀನು ಅಳುತ್ತೀಯ, ನನ್ನನ್ನು ಮನ್ನಿಸಿಬಿಡುತ್ತೀಯ. ಅದಕ್ಕೇ ಬರೆಯುವುದಿಲ್ಲ. ಕಾರಣ ಹುಡುಕಿದರೆ ಎಲ್ಲರ ಮನೆಯಲ್ಲೂ ಸಿಗುತ್ತದೆ. ಅವನ ಮನೆಯಲ್ಲೂ ಇದ್ದೀತು.

ಆಮೇಲೆ ಹದಿನೆಂಟು ವರ್ಷ ಆ ಹಾಲ್‌ನಲ್ಲಿ ನುಡಿಸಿದೆ. ಹೊರಕುರ್ಚಿಯಲ್ಲೇ. ಎಲ್ಲಾದರೂ ಆ ಚಿತ್ರದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಬಾಳು. ನಿನ್ನ ಮಾರ್ಚಿನ ಕಾಗದ ಬಂದಾಗ, ಅವನಿಗೆ ಹೆಸರಾದರೂ ಬರಲಿ, ಲೆಕ್ಕ ಸರಿಹೋಗುತ್ತದೆ ಎಂದುಕೊಂಡೆ. ಎರಡನೇ ಸಲವೂ ಅವನ ತಲೆಗೇ ಕಟ್ಟಿದ್ದೇನೆ ಎಂದು ಹೊಳೆಯಲಿಲ್ಲ. ಹೊಳೆಯದೆ ಏನು, ಹೊಳೆದಿತ್ತು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಹಿಂದಿನದನ್ನು ಹರಿದುಹಾಕಿ ಇದನ್ನು ಕಂಪನಿಗೆ ಕೊಡು. ಯಾರು ಎಲ್ಲಿ ಕೂತಿದ್ದರು, ಏನಾಯಿತು, ಎಲ್ಲ ಇದೆ. ಅಚ್ಚು ಹಾಕಲಿ. ಈ ಕಾಗದವನ್ನು ಅವನಿಗೆ ಓದಲು ಕೊಡು.

ನಿನ್ನ ಗಂಡನ ಹತ್ತಿರ ಜಗಳವಾಡಬೇಡ. ಅವನ ಕಿವಿ ಸರಿಯಾಗಿದೆ.

ಮಾವ


ಮೇ 18

ಮಾವ,

ನಿನ್ನ ಕಾಗದ ಓದಿ ಮೂರು ದಿನ ಉತ್ತರ ಬರೆಯಬಾರದು ಎಂದುಕೊಂಡೆ. ಎಂಟು ದಿನವಾಯಿತು. ಏನು ಬರೆಯಬೇಕು ಎಂದು ಈಗಲೂ ಗೊತ್ತಿಲ್ಲ. ಚಿಕ್ಕವಳಿದ್ದಾಗ ನಾನು ಹೂಜಿ ಒಡೆದು ಕೆಲಸದವಳ ಮೇಲೆ ಹೇಳಿದ್ದಕ್ಕೆ ಇಡೀ ದಿನ ನನ್ನ ಹತ್ತಿರ ಮಾತು ಬಿಟ್ಟವನು ನೀನು. ನಾನು ಸಿಟ್ಟಿನಲ್ಲಿದ್ದೇನೆ, ಹೇಳಿಬಿಡುತ್ತೇನೆ. ಆದರೆ ಸಿಟ್ಟಿಗೂ ತ್ರಾಣ ಬೇಕು. ಈ ತಿಂಗಳು ಅದಿಲ್ಲ.

ಮೊದಲು ಕಂಪನಿಯ ವಿಷಯ. ನಿನ್ನ ಹಾಳೆ ಓದಿ ಅವರು ಹೇಳಿದ್ದು: "ಜನಕ್ಕೆ ಕಥೆ ಬೇಕು ಸ್ವಾಮಿ, ಕಟಕಟೆ ಅಲ್ಲ." ಗಡಿಯಾರ ಅವರ ಹೆಸರನ್ನೇ ಹಾಕಿ, ಪಾಪದ ಕಲಾವಿದ, ಕೆಲಸ ಹೋಯಿತು ಎಂದು ನಾಲ್ಕು ಸಾಲು ಬರೆಯೋಣ, ಚೆನ್ನಾಗಿ ಓಡುತ್ತದೆ ಎಂದರು. ಇವನು ಆಗುವುದಿಲ್ಲ ಎಂದ. ನಲವತ್ತೊಂದು ಜನರ ಹೆಸರನ್ನೂ ಹಾಕಿ, ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರೋ ಹಾಗೇ ಹಾಕಿ, ಇಲ್ಲದಿದ್ದರೆ ನನ್ನ ಕೆಲಸವನ್ನು ವಾಪಸ್ಸು ಕೊಡಿ ಎಂದ. ಅದೂ ನಮ್ಮ ಸಾಹೇಬ! ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದವನು! ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಒಪ್ಪಿದ್ದಾರೆ. ಆದರೆ ಮುಂದಿನ ಚಿತ್ರಗಳ ಮಾತು ಯಾರೂ ಎತ್ತಲಿಲ್ಲ.

ಭಾನುವಾರ ಇಬ್ಬರೂ ನಿನ್ನ ಕಾಗದ ತೆಗೆದುಕೊಂಡು ಗಡಿಯಾರ ಅವರ ಮನೆಗೆ ಹೋದೆವು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಎರಡು ಸಲ ಓದಿದರು. "ಅಕ್ಷರ ಹಾಗೇ ಇದೆ" ಎಂದರು. ಮಡಚಿದರು.

"ಕ್ಷಮಿಸ್ತೀರಾ?" ಎಂದು ನಾನು ಕೇಳಿಬಿಟ್ಟೆ. ಇವನು ನನ್ನ ಕಾಲು ತುಳಿದ.

"ಅದೇನು ಬಸ್ ಪಾಸಾ, ಕೇಳಿದ ತಕ್ಷಣ ಬರೆದುಕೊಡೋಕೆ?" ಎಂದರು. ಮಡಚಿದ ಕಾಗದವನ್ನು ಕಿಟಕಿಯ ಅಂಚಿಗಿಟ್ಟು ಮುಂದುವರಿಸಿದರು: "ಯಾಕೆ ಸುಮ್ಮನಿದ್ದ ಅಂತ ನಾನು ಕೇಳಲ್ಲ. ನಾನೂ ಸುಮ್ಮನಿದ್ದೆ. ಕುರ್ಚಿ ಬದಲಾಯಿಸಿದ್ದು ಹೇಳಿದ್ರೆ ಇಬ್ಬರದೂ ಹೋಗ್ತಿತ್ತು. ಅವನೇ ಹೇಳಲಿ ಅಂತ ಕಾದೆ. ಹಾಲ್ ಬಾಗಿಲು ಹಾಕೋವರೆಗೂ ಕಾದೆ. ಆಮೇಲೆ ಬಸ್ಸಿಗೆ ಹೊತ್ತಾಯ್ತು."

ಮತ್ತೆ ಹೇಳಿದರು: "ನನಗೆ ಬೇಕಾಗಿರೋದು ಬೇರೆ. ಯಾಕೆ ಹಿಡಿದ? ಪಕ್ಕದಲ್ಲೇ ಇದ್ದೆ ನಾನು. ಕೋಲು ಇಳಿದಿದ್ದು ಅವನಿಗೆ ಕಾಣಿಸ್ತು, ಕಣ್ಣು ಅಲ್ಲೇ ಇತ್ತು. ಆದ್ರೂ ಕೈ ಹೋಗ್ತಾನೇ ಇತ್ತು. ಮುಖದಲ್ಲಿ ಏನೂ ಇರಲಿಲ್ಲ. ಬೇಕಂತ ಮಾಡಿದನಾ? ನನ್ನ ಕುರ್ಚಿ ಮೇಲೆ ಕಣ್ಣಿತ್ತಾ? ಐವತ್ತು ವರ್ಷದಿಂದ ಅದೊಂದನ್ನೇ ಯೋಚನೆ ಮಾಡಿದೀನಿ. ಕೇಳು ಅವನನ್ನ."

ಕೇಳಿದ್ದೇನೆ. ಉತ್ತರ ಬರಿ. ನನಗಾಗಿ ಅಲ್ಲ.

ಗಿಲಕಿ


ಮೇ 22

ಮಗಳೇ,

ಅವನು ಅದನ್ನು ಕೇಳಬಹುದು ಎಂದು ನಾನು ಎಣಿಸಿರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಕೂತಿದ್ದೆವು. ಅದು ಹನ್ನೊಂದನೇ ಸಲ. ಒಮ್ಮೆ ಕಹಳೆ ಜಾರಿತು, ಒಮ್ಮೆ ಹೊರಗೆ ಲಾರಿ ಹೋಯಿತು, ಒಮ್ಮೆ ನಿರ್ದೇಶಕರಿಗೇ ಮನಸ್ಸು ಬರಲಿಲ್ಲ. ತಗಡಿನ ಚಾವಣಿ, ಫ್ಯಾನಿಲ್ಲ. ಅಂಗಿ ಬೆನ್ನಿಗೆ ಅಂಟಿ ಒಣಗಿ ಮತ್ತೆ ಅಂಟಿತ್ತು. ಹನ್ನೊಂದನೇ ಸಲಕ್ಕೆ ನಾನು ಏನು ನುಡಿಸುತ್ತಿದ್ದೇನೆ ಎಂಬುದೇ ನನಗೆ ಕೇಳುತ್ತಿರಲಿಲ್ಲ.

ಕೋಲು ಇಳಿದದ್ದು ಕಂಡಿತು. ಅವನು ಹೇಳುವುದು ಸರಿ. ನಿಲ್ಲಿಸಬೇಕು ಎಂದೂ ಗೊತ್ತಾಯಿತು. ಆದರೆ ನಿಲ್ಲಿಸುವುದಕ್ಕೂ ಶಕ್ತಿ ಬೇಕು, ಅಷ್ಟು ನನ್ನಲ್ಲಿ ಉಳಿದಿರಲಿಲ್ಲ. ಕೈ ತನ್ನ ಭಾರಕ್ಕೆ ತಾನೇ ಹೋಯಿತು, ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ. ಕಮಾನು ಮುಗಿಯಿತು, ಸ್ವರವೂ ಮುಗಿಯಿತು. ಅಷ್ಟೇ. ದುಃಖವಿರಲಿಲ್ಲ, ಪ್ರೀತಿಯಿರಲಿಲ್ಲ. ಅವನ ಕುರ್ಚಿಯ ಮೇಲೆ ಕಣ್ಣೂ ಇರಲಿಲ್ಲ. ಜನ ಅದರಲ್ಲಿ ಏನೇನೋ ಕೇಳಿಸಿಕೊಂಡರು. ನನಗೆ ಸುಸ್ತಾಗಿತ್ತು ಮಗಳೇ.

ಇದನ್ನು ಅವನಿಗೆ ಓದಿ ಹೇಳಬೇಡ. ಗುರುವಾರದ ಬಸ್ಸಿಗೆ ಬರುತ್ತೇನೆ. ನಾನೇ ಹೇಳಬೇಕು. ಅವನ ಮಾತು ನನಗೆ ಸರಿಯಾಗಿ ಕೇಳಲಿಕ್ಕಿಲ್ಲ. ಜೋರಾಗಿ ಬೈಯಲು ಮೊದಲೇ ಹೇಳಿಡು.

ಮಾವ


ಜೂನ್ 30

ಪ್ರೀತಿಯ ಮಾವ,

ನೀನು ಬಂದು ಹೋಗಿ ತಿಂಗಳಾಯಿತು. ಅವತ್ತು ಗಡಿಯಾರ ಅವರ ಮನೆಯ ಒಳಗೆ ನೀವಿಬ್ಬರು ಏನು ಮಾತಾಡಿದಿರೋ ಕೇಳುವುದಿಲ್ಲ. ಅವರ ಹೆಂಡತಿಯೂ ನಾನೂ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದೆವು. ಒಂದು ಗಂಟೆಯಲ್ಲಿ ಎರಡೋ ಮೂರೋ ಮಾತು ಕೇಳಿಸಿತು, ಅವೂ ಬಸ್ಸಿನ ಬಗ್ಗೆ. ಹೊರಗೆ ಬಂದಾಗ ನೀನು ಚಪ್ಪಲಿಯನ್ನು ಎಡಬಲ ಮಾಡಿ ಮೆಟ್ಟಿದ್ದೆ. ಅವರು ಬಾಗಿಲವರೆಗೂ ಬರಲಿಲ್ಲ. ದಾರಿಯುದ್ದಕ್ಕೂ ನೀನು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದೆ. ನನ್ನ ಸಿಟ್ಟು ಅಲ್ಲೇ ಎಲ್ಲೋ ಬಿದ್ದುಹೋಯಿತು, ಯಾವ ನಿಲ್ದಾಣದಲ್ಲಿ ಎಂದು ನೋಡಲಿಲ್ಲ.

ಹೊದಿಕೆಯ ಒಂದು ಪ್ರತಿ ಜೊತೆಗಿದೆ. ನನ್ನ ಚೆಂದದ ಬರಹ ಇಲ್ಲ, ಹರಿದುಹಾಕಿದೆ. ಹೆಸರುಗಳು ಮಾತ್ರ ಇವೆ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ನೋಡು. ವಯೋಲಾ, ಎರಡನೇ ಸ್ಟ್ಯಾಂಡ್: ಹೊರಕುರ್ಚಿ ನೀನು, ಒಳಕುರ್ಚಿ ಅವರು. ಕೆಳಗೆ ಒಂದು ಸಾಲು, "ಕೊನೆಯ ಸ್ವರ ಹೊರಕುರ್ಚಿಯದು, ಹಳೆಯ ಆಸನಪಟ್ಟಿ ತಪ್ಪು." ಅಷ್ಟಕ್ಕೇ ಇವನು ಆರು ಸಲ ಕಂಪನಿಗೆ ಹೋಗಿ ಬಂದ. ಮುಂದಿನ ಚಿತ್ರ ಬೇರೆಯವರಿಗೆ ಸಿಕ್ಕಿತು. ಇವನು ಬೆಳಗಿನ ಹೊತ್ತು ಮತ್ತೆ ರೇಡಿಯೋ ಅಂಗಡಿಗೆ ಹೋಗುತ್ತಿದ್ದಾನೆ. ನಮಗೆ ಬೇಜಾರಿಲ್ಲ ಎಂದರೆ ಸುಳ್ಳು. ಆದರೆ ಪಾತ್ರೆಯನ್ನು ಯಾವಾಗ ಬೇಕಾದರೂ ತೊಳೆಯಬಹುದು.

ಕೊನೆಯ ಸ್ವರ ಸಿಕ್ಕಿತು. ನಿನ್ನ ಕಾಗದ ಓದಿದ ದಿನ ಇವನು ಅದರಿಂದ ಎಲ್ಲವನ್ನೂ ತೆಗೆದುಹಾಕಿದ. ನಡುಕ, ಏರಿಳಿತ, ನಾಲ್ಕು ತಿಂಗಳು ಕೂತು ಹಾಕಿದ ದುಃಖವನ್ನೆಲ್ಲ. ಬರೀ ಕೈಯ ಭಾರ ಉಳಿಯಿತು. ಹಳೆಯ ಪ್ರತಿಯ ಪಕ್ಕದಲ್ಲಿ ಹಾಕಿದರೆ ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ.

ನಿನ್ನೆ ಗಡಿಯಾರ ಅವರು ಬಂದಿದ್ದರು. ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದು, "ಎಲ್ಲಿ, ಕೇಳಿಸಿ" ಎಂದು ಯಂತ್ರದ ಮುಂದೆ ಕೂತರು. ಇವನು ಕೊನೆಯ ದೃಶ್ಯದ್ದು ಹಾಕಿದ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಮಧ್ಯದಲ್ಲಿ "ಚೆನ್ನಾಗಿದೆ. ಎಲ್ಲಾರೂ ಸರಿಯಾಗಿ ನುಡಿಸ್ತಿದಾರೆ. ಆದ್ರೆ ಇವರಿಗ್ಯಾರಿಗೂ ಸುಸ್ತೇ ಆಗಿಲ್ಲವಲ್ಲಪ್ಪ" ಎಂದರು. ಹೊಗಳಿದರೋ ತೆಗಳಿದರೋ ಇವನಿಗೆ ತಿಳಿಯಲಿಲ್ಲ. ಎಲ್ಲ ವಾದ್ಯಗಳೂ ನಿಂತವು. ಆ ಒಂದು ಸ್ವರ ಹೋಯಿತು, ಮುಗಿಯಿತು.

ಕಣ್ಣನ್ನು ಯಂತ್ರದ ಮೇಲಿಟ್ಟೇ ಹೇಳಿದರು: "ಹ್ಞೂಂ. ಇವನಿಗೆ ಮಾತ್ರ ಆಗಿದೆ."

ಇನ್ನೊಂದು ಸಲ ಹಾಕು ಎನ್ನಲಿಲ್ಲ. ಹೊರಡುವಾಗ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ನಿನ್ನ ವಿಳಾಸ ಕೇಳಿದರು. ನಿಂತುಕೊಂಡೇ ಬರೆದುಕೊಂಡರು. ಬರೆಯುತ್ತಾರೋ ಇಲ್ಲವೋ ಗೊತ್ತಿಲ್ಲ ಮಾವ, ನೀನೂ ಕಾಯುತ್ತ ಕೂರಬೇಡ. ಮನೆ ನಂಬರನ್ನು ತಪ್ಪಾಗಿ ಬರೆದುಕೊಂಡಿದ್ದರು. ಪುಸ್ತಕ ಇಸಿದುಕೊಂಡು ತಿದ್ದಿಕೊಟ್ಟಿದ್ದೇನೆ.

ನಿನ್ನ ಗಿಲಕಿ